ನಂಬರ್ ಬಾಯಿಪಾಠ ಸಾಲದು: ಬಿಸಿನೆಸ್ ಜೆಟ್‌ನ ಲಿಮಿಟೇಷನ್ ಕಲಿಯುವುದು ಹೀಗೆ

ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಕ್ಲಾಸಿಗೆ ಬರುವವರ ಕೈಯಲ್ಲಿ ಈಗ ಮೊದಲ ದಿನವೇ ಒಂದು ಕಟ್ಟು ಫ್ಲ್ಯಾಶ್ ಕಾರ್ಡ್ ಇರುತ್ತದೆ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ನಂಬರ್. ‘ಗರಿಷ್ಠ ವೇಗ ಎಷ್ಟು?’ ಎಂದರೆ ‘278 ನಾಟ್’ ಅಂತ ಪಟ್ಟನೆ ಉತ್ತರ ಬರುತ್ತದೆ. ‘ಸರಿ, 45 ಸಾವಿರ ಅಡಿಯಲ್ಲೂ 278 ಹೋಗಬಹುದಾ?’ ಎಂದು ಕೇಳಿ ನೋಡಿ. ಕಾರ್ಡ್ ಹುಡುಕಲು ಶುರು ಮಾಡುತ್ತಾರೆ.

ಮಗ್ಗಿ ಹಾಗೆ ಉರು ಹೊಡೆಯುವುದರಿಂದ ಬರುವ ತೊಂದರೆ ಇದು. ಲಿಮಿಟೇಷನ್, ಅಂದರೆ ವಿಮಾನ ದಾಟಬಾರದ ಮಿತಿ, ಬರೀ ನಂಬರ್ ಅಲ್ಲ. ಯಾವಾಗ, ಯಾವ ಸ್ಥಿತಿಯಲ್ಲಿ, ಯಾವುದಕ್ಕೆ ಅನ್ನುವ ಶರತ್ತು ಸೇರಿದ ಪೂರ್ತಿ ವಾಕ್ಯ. ಶರತ್ತು ಬಿಟ್ಟು ನಂಬರ್ ಮಾತ್ರ ನೆನಪಿಟ್ಟವರು ಓರಲ್ ಪರೀಕ್ಷೆಯ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಉದಾಹರಣೆಗೆ ಸೆಸ್ನಾ ಸೈಟೇಷನ್ ಸಿಜೆ3 ತೆಗೆದುಕೊಳ್ಳೋಣ. 2004ರಲ್ಲಿ ಅಮೆರಿಕದ ಸರ್ಟಿಫಿಕೇಟ್ ಪಡೆದ, ಎರಡು ವಿಲಿಯಮ್ಸ್ ಎಂಜಿನ್‌ಗಳ ಚಿಕ್ಕ ಜೆಟ್ ಇದು. ನೀವು ಹಾಕರ್ ಜೆಟ್ ಕಲಿಯುತ್ತಿದ್ದರೂ ಅಷ್ಟೇ, ಫಿನಾಮ್ ಕಲಿಯುತ್ತಿದ್ದರೂ ಅಷ್ಟೇ. ನಂಬರ್ ಬೇರೆ, ಕಲಿಯುವ ದಾರಿ ಒಂದೇ. ಇಲ್ಲಿ ಕೊಟ್ಟ ಅಂಕಿಗಳು ಕಲಿಕೆಗೆ ಮಾತ್ರ. ಹಾರಾಟಕ್ಕೆ ನಿಮ್ಮ ವಿಮಾನದ ಪುಸ್ತಕವೇ ಪ್ರಮಾಣ.

1. ಮೊದಲು ಸರಿಯಾದ ಪುಸ್ತಕ

ವಿಮಾನದ ಫ್ಲೈಟ್ ಮ್ಯಾನುಯಲ್ ತೆಗೆಯಿರಿ. ಲಿಮಿಟೇಷನ್‌ಗಳು ಎರಡನೇ ವಿಭಾಗದಲ್ಲಿರುತ್ತವೆ. ಮುಖಪುಟದ ಸೀರಿಯಲ್ ನಂಬರ್ ನಿಮ್ಮ ವಿಮಾನದ್ದೇ ಹೌದಾ ನೋಡಿ. ಸಿಜೆ3 ಮತ್ತು ಸಿಜೆ3 ಪ್ಲಸ್ ಹೊರಗಿನಿಂದ ಅಣ್ಣತಮ್ಮಂದಿರು. ಒಳಗೆ, ಕಾಕ್‌ಪಿಟ್ ಎಲೆಕ್ಟ್ರಾನಿಕ್ಸ್ ಬೇರೆ. ಒಂದರಲ್ಲಿ ಕಾಲಿನ್ಸ್ ಪ್ರೊ ಲೈನ್ 21, ಇನ್ನೊಂದರಲ್ಲಿ ಗಾರ್ಮಿನ್ ಜಿ3000. ಆಟೊಪೈಲಟ್, ನ್ಯಾವಿಗೇಷನ್ ಲಿಮಿಟೇಷನ್‌ಗಳ ಪುಟಗಳು ಬೇರೆ ಬೇರೆ.

ಆಮೇಲೆ ಪುಸ್ತಕದ ಹಿಂಭಾಗಕ್ಕೆ ಹೋಗಿ. ಸಪ್ಲಿಮೆಂಟ್‌ಗಳು, ಅಂದರೆ ಆಮೇಲೆ ಸೇರಿಸಿದ ಪುಟಗಳು, ಅಲ್ಲಿರುತ್ತವೆ. ಯಾರೂ ಅವನ್ನು ತೆರೆಯುವುದೇ ಇಲ್ಲ. ಮಾಲೀಕರು ಹೊರಗಿನ ಕಂಪನಿಯಿಂದ ವಿಂಗ್‌ಲೆಟ್ (ರೆಕ್ಕೆ ತುದಿಯ ಮೇಲೆದ್ದ ಭಾಗ) ಹಾಕಿಸಿದ್ದರೆ ಅದರ ಲಿಮಿಟೇಷನ್ ಅಲ್ಲಿರುತ್ತದೆ, ಮುಖ್ಯ ಪುಸ್ತಕದಲ್ಲಲ್ಲ.

ಆನ್‌ಲೈನ್‌ನಲ್ಲಿ ಸಿಗುವ ‘ಸ್ಟಡಿ ಗೈಡ್’ ಪಿಡಿಎಫ್‌ಗಳ ಬಗ್ಗೆ ಒಂದು ಮಾತು. ಬೇಡ. ಯಾವ ಮಾದರಿಯದು, ಯಾವ ರಿವಿಷನ್ ಅಂತ ತಲೆಬುಡ ಇರುವುದಿಲ್ಲ. ಸಿಜೆ1ರ ನಂಬರ್ ಸಿಜೆ3ರ ಹೆಸರಿನಲ್ಲಿ ಓಡಾಡುತ್ತಿರುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳೂ ಇದಕ್ಕಿಂತ ಬಹಳ ಮೇಲೇನಲ್ಲ. ಕಾರ್ಡ್ ಬೇಕೇ ಬೇಕು ಅನ್ನಿಸಿದರೆ ನಿಮ್ಮ ಕೈಯಿಂದಲೇ ಬರೆಯಿರಿ. ಬರೆಯುವಾಗಲೇ ಅರ್ಧ ತಲೆಗೆ ಹೋಗಿರುತ್ತದೆ.

2. ಜರಡಿ ಹಿಡಿಯಿರಿ

ಡಿಸ್‌ಪ್ಲೇಯಲ್ಲಿ ಕೆಂಪು ಗೆರೆಯಾಗಿ ಕಾಣುವುದನ್ನು ಕೊನೆಗೆ ಇಟ್ಟುಕೊಳ್ಳಿ. ಎಂಜಿನ್ ತಾಪ, ಆಯಿಲ್ ಒತ್ತಡ ಇವನ್ನೆಲ್ಲ ಗೇಜೇ ಬಣ್ಣದಲ್ಲಿ ತೋರಿಸುತ್ತದೆ. ಯಾವ ಗೇಜೂ ತೋರಿಸದ ಲಿಮಿಟೇಷನ್‌ಗಳೇ ಮೊದಲು. ತೂಕ, ಸ್ಟಾರ್ಟ್‌ಗಳ ಲೆಕ್ಕ, ಎಂಜಿನ್ ಆ್ಯಂಟಿ-ಐಸ್ (ಹಿಮ ಕಟ್ಟದಂತೆ ತಡೆಯುವ ವ್ಯವಸ್ಥೆ) ಹಾಕಬೇಕಾದ ಹೊತ್ತು, ಹಿಂಗಾಳಿ. ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ. ಎಂಜಿನ್ ಪಟ್ಟಿಯನ್ನು ಡಿಗ್ರಿ ಸಮೇತ ಒಪ್ಪಿಸಿ, ತೂಕದ ಮಾತು ಬಂದಾಗ ತಡವರಿಸುತ್ತಾರೆ.

3. ವೇಗ: ಎರಡು ಮಿತಿ, ಒಂದು ಗಂಟು

ಸಿಜೆ3ಗೆ ವಿಎಂಒ (ನಾಟ್‌ನಲ್ಲಿ ಗರಿಷ್ಠ ವೇಗ) 278 ನಾಟ್, ಎಂಎಂಒ (ಶಬ್ದದ ವೇಗದ ಲೆಕ್ಕದಲ್ಲಿ, ಅಂದರೆ ಮ್ಯಾಕ್‌ನಲ್ಲಿ ಗರಿಷ್ಠ ವೇಗ) ಮ್ಯಾಕ್ 0.737. ಕೆಳಗಿನ ಎತ್ತರದಲ್ಲಿ ಮೊದಲನೆಯದು ಆಳುತ್ತದೆ, ಸುಮಾರು 30 ಸಾವಿರ ಅಡಿ ಹತ್ತಿರ ಅಧಿಕಾರ ಎರಡನೆಯದಕ್ಕೆ ಹೋಗುತ್ತದೆ. 45 ಸಾವಿರ ಅಡಿ ಈ ವಿಮಾನದ ಗರಿಷ್ಠ ಎತ್ತರ. ಅಲ್ಲಿ ಮ್ಯಾಕ್ 0.737 ಅಂದರೆ ಸ್ಪೀಡ್ ಟೇಪ್ (ಡಿಸ್‌ಪ್ಲೇಯ ವೇಗದ ಪಟ್ಟಿ) ಮೇಲೆ 200 ನಾಟ್‌ಗೂ ಕಮ್ಮಿ. ಗಾಳಿ ತೆಳುವಾದಷ್ಟೂ ಅದೇ ಮ್ಯಾಕ್ ಕಮ್ಮಿ ನಾಟ್ ತೋರಿಸುತ್ತದೆ. ಇದನ್ನು ಒಂದು ಗ್ರಾಫ್ ಹಾಕಿ ನೋಡಿ. ಕೆಳಗೆ ನೇರ ಗೆರೆ, ಮೇಲೆ ಒಳಗೆ ವಾಲುವ ಗೆರೆ. ಒಂದು ಸಲ ಕೈಯಿಂದ ಬಿಡಿಸಿದವರು ಮರೆಯುವುದಿಲ್ಲ.

ಫ್ಲ್ಯಾಪ್ (ರೆಕ್ಕೆಯ ಹಿಂದಿನ ಇಳಿಯುವ ಪಟ್ಟಿ) ಇಳಿಸುವ ಗರಿಷ್ಠ ವೇಗಗಳು ಸುಲಭ. 15 ಡಿಗ್ರಿಗೆ 200 ನಾಟ್, 35 ಡಿಗ್ರಿಗೆ 161. ಅಷ್ಟೇ.

ಎತ್ತರದ ಮಿತಿ ಒಳಗಿದ್ದರೆ ಎಲ್ಲ ಸರಿ ಅಂದುಕೊಳ್ಳಬೇಡಿ. 2004ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಿನಾಕಲ್ ಏರ್‌ಲೈನ್ಸ್‌ನ ಒಂದು ಸಿಆರ್‌ಜೆ, ಅಂದರೆ ಚಾಲೆಂಜರ್ ಬಿಸಿನೆಸ್ ಜೆಟ್‌ನ ಉದ್ದದ ಸೋದರ, ಪ್ರಯಾಣಿಕರಿಲ್ಲದೆ 41 ಸಾವಿರ ಅಡಿಗೆ ಏರಿತು. ಆ ವಿಮಾನಕ್ಕೆ 41 ಸಾವಿರ ಅನುಮತಿ ಇದ್ದ ಎತ್ತರವೇ. ಆದರೆ ಏರುವಾಗ ವೇಗ ಸೋರಿಹೋಗಿತ್ತು. ವಿಮಾನ ಸ್ಟಾಲ್ ಆಯಿತು (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡಿತು), ಎರಡೂ ಎಂಜಿನ್ ಆರಿದವು, ಮತ್ತೆ ಹೊತ್ತಲಿಲ್ಲ. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. ಗರಿಷ್ಠ ಎತ್ತರ ಅನ್ನುವುದು ಇವತ್ತಿನ ತೂಕಕ್ಕೆ, ಇವತ್ತಿನ ತಾಪಕ್ಕೆ ಅಲ್ಲಿ ಹಾರಬಹುದು ಅನ್ನುವ ಭರವಸೆ ಅಲ್ಲ.

4. ತೂಕ: ಎಲ್ಲರೂ ಎಡವುವ ಜಾಗ

ಇಲ್ಲಿ ಪುರುಸೊತ್ತು ಮಾಡಿಕೊಂಡು ಕೂತುಕೊಳ್ಳಿ. ಸಿಜೆ3ಯ ನಾಲ್ಕು ಗರಿಷ್ಠ ತೂಕಗಳು ಇವು. ರ‍್ಯಾಂಪ್ (ನಿಂತ ಜಾಗದಿಂದ ಹೊರಡುವಾಗ) 14,070 ಪೌಂಡ್, ಟೇಕಾಫ್ 13,870, ಲ್ಯಾಂಡಿಂಗ್ 12,750, ಝೀರೊ ಫ್ಯುಯೆಲ್ 10,510. ನಾಲ್ಕನ್ನೂ ಒಂದೇ ಉಸಿರಿಗೆ ಹೇಳುವವರು ಬೇಕಾದಷ್ಟು ಜನ. ಅವುಗಳ ನಡುವಿನ ವ್ಯತ್ಯಾಸ ಹೇಳುವವರು ಕಮ್ಮಿ. ಆ ವ್ಯತ್ಯಾಸದಲ್ಲೇ ಎಲ್ಲ ಇರುವುದು.

ರ‍್ಯಾಂಪ್ ಮತ್ತು ಟೇಕಾಫ್ ನಡುವೆ 200 ಪೌಂಡ್. ಸ್ಟಾರ್ಟ್, ಟ್ಯಾಕ್ಸಿಯಲ್ಲಿ ಉರಿಯುವ ಇಂಧನಕ್ಕೆ ಬಿಟ್ಟ ಜಾಗ ಅದು. ಬೇಗ ರನ್‌ವೇ ಸಿಕ್ಕರೆ ಅಷ್ಟೂ ಉರಿದಿರುವುದಿಲ್ಲ. ಆಗ ಹೋಲ್ಡಿಂಗ್ ಪಾಯಿಂಟ್‌ನಲ್ಲಿ (ರನ್‌ವೇಗೆ ಮುಂಚೆ ನಿಲ್ಲುವ ಜಾಗ) ಕಾಯಬೇಕು, ಅಷ್ಟೇ.

ಟೇಕಾಫ್ ಮತ್ತು ಲ್ಯಾಂಡಿಂಗ್ ನಡುವೆ 1,120 ಪೌಂಡ್. ಪೂರ್ತಿ ತೂಕದಲ್ಲಿ ಮೇಲೇರಿದರೆ ಇಳಿಯುವ ಮುಂಚೆ ಇಷ್ಟು ಉರಿದಿರಲೇಬೇಕು. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಚೆನ್ನೈಗೆ ಹೊರಟಿದ್ದೀರಿ ಅಂದುಕೊಳ್ಳಿ. ಚೆನ್ನೈನಲ್ಲಿ ಇಂಧನ ಹಾಕಿಸುವ ರಗಳೆ ಯಾಕೆ, ಇಲ್ಲೇ ತುಂಬಿಸಿಬಿಡೋಣ ಅನ್ನುತ್ತಾರೆ. ಆ ದಾರಿಗೆ 800 ಪೌಂಡ್ ಉರಿಯುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಇವತ್ತು ನಿಮ್ಮ ಟೇಕಾಫ್ ಮಿತಿ 13,870 ಅಲ್ಲ. 12,750ಕ್ಕೆ 800 ಕೂಡಿಸಿ, 13,550. ಹತ್ತಿರದ ಊರಿಗೆ ಹೋಗುವಾಗ ಲ್ಯಾಂಡಿಂಗ್ ತೂಕವೇ ಟೇಕಾಫ್ ತೂಕವನ್ನು ತೀರ್ಮಾನಿಸುತ್ತದೆ.

ಈಗ ಝೀರೊ ಫ್ಯುಯೆಲ್. ಇಂಧನ ಬಿಟ್ಟು ಉಳಿದ ಎಲ್ಲದರ ತೂಕ. ಇದಕ್ಕೆ ಬೇರೆ ಮಿತಿ ಯಾಕೆ? ಹಾರುವಾಗ ರೆಕ್ಕೆ ಮೇಲಕ್ಕೆ ಎಳೆಯುತ್ತದೆ, ಮೈ ಕೆಳಕ್ಕೆ ಜಗ್ಗುತ್ತದೆ, ರೆಕ್ಕೆಯ ಬುಡ ಬಾಗುತ್ತದೆ. ರೆಕ್ಕೆಯೊಳಗಿನ ಇಂಧನ ಆ ಬಾಗುವಿಕೆಯನ್ನು ತಗ್ಗಿಸುತ್ತದೆ. ಮೈಯೊಳಗೆ ಕೂತ ಜನ, ಸೂಟ್‌ಕೇಸ್ ಹೆಚ್ಚಿಸುತ್ತವೆ. ಹಾಗಾಗಿ ‘ಇಂಧನ ಕಮ್ಮಿ ಹಾಕಿ ಇನ್ನಿಬ್ಬರನ್ನು ಕೂರಿಸೋಣ’ ಅನ್ನುವ ಲೆಕ್ಕ ಒಂದು ಹಂತದ ಮೇಲೆ ನಡೆಯುವುದಿಲ್ಲ. 10,510 ದಾಟಿದರೆ ದಾಟಿದ ಹಾಗೆಯೇ, ಟ್ಯಾಂಕ್ ಖಾಲಿ ಇದ್ದರೂ.

ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕ ಮಾಡಿ. ಪೈಲಟ್‌ಗಳು ಸೇರಿ ಹೊರಡಲು ಸಿದ್ಧವಾದ ಖಾಲಿ ವಿಮಾನ 8,600 ಪೌಂಡ್ ಎಂದಿಟ್ಟುಕೊಳ್ಳಿ (ಪ್ರತಿ ವಿಮಾನಕ್ಕೂ ಇದು ಬೇರೆ). 10,510ರಲ್ಲಿ ಕಳೆದರೆ 1,910. ಜನ ಮತ್ತು ಸಾಮಾನು ಸೇರಿ ಇದಕ್ಕಿಂತ ಜಾಸ್ತಿ ಎಂದಿಗೂ ಇಲ್ಲ. ಈಗ ಟ್ಯಾಂಕ್ ಪೂರ್ತಿ ತುಂಬಿಸಿ, 4,710 ಪೌಂಡ್. 8,600ಕ್ಕೆ ಕೂಡಿಸಿದರೆ 13,310. ರ‍್ಯಾಂಪ್ ಮಿತಿಗೆ ಉಳಿದದ್ದು 760. ಸಾಮಾನು ಸೇರಿ ತಲೆಗೆ 200 ಪೌಂಡ್ ಹಿಡಿದರೆ ಮೂರು ಜನ. ಹಿಂದೆ ಸೀಟ್ ಆರಿವೆ, ಮಾಲೀಕರು ಆರು ಜನರನ್ನು ಕರೆದುಕೊಂಡು ಬರುತ್ತಾರೆ. ಟ್ಯಾಂಕೂ ತುಂಬಿರಲಿ, ಸೀಟೂ ತುಂಬಿರಲಿ ಅಂದರೆ ಆಗುವುದಿಲ್ಲ ಎಂದು ಅವರಿಗೆ ಮುಂಚೆಯೇ ಹೇಳುವವರು ನೀವೇ.

ಇಷ್ಟಾದ ಮೇಲೂ 13,870 ಅನ್ನುವುದು ರಚನೆಯ ಮಿತಿ ಮಾತ್ರ. ರನ್‌ವೇ ಉದ್ದ, ಒಂದು ಎಂಜಿನ್ ಹೋದರೆ ಏರುವ ಶಕ್ತಿ, ತಾಪ, ಎತ್ತರ ಇವೂ ಮಿತಿ ಹಾಕುತ್ತವೆ. ಎಲ್ಲದರಲ್ಲಿ ಯಾವುದು ಕಮ್ಮಿಯೋ ಅದೇ ಇವತ್ತಿನ ಮಿತಿ. ಎಚ್‌ಎಎಲ್ ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಪರ್ಫಾರ್ಮೆನ್ಸ್ ಟೇಬಲ್ ನೋಡದೆ ಹೊರಡುವ ಜಾಗ ಅಲ್ಲ.

ತೂಕ ಸರಿಯಿದ್ದರೂ ಅದು ಎಲ್ಲಿ ಕೂತಿದೆ ಅನ್ನುವುದು ಇನ್ನೊಂದು ಲಿಮಿಟೇಷನ್. 2005ರ ಫೆಬ್ರುವರಿ 2ರಂದು ಅಮೆರಿಕದ ಟೀಟರ್‌ಬೊರೊದಲ್ಲಿ ಒಂದು ಚಾಲೆಂಜರ್ 600 ಟೇಕಾಫ್‌ಗೆ ಓಡಿತು. ಪೈಲಟ್ ಎಳೆದರೂ ಮೂಗು ಏಳಲಿಲ್ಲ. ವಿಮಾನ ರನ್‌ವೇ ಮುಗಿಸಿ, ಹೆದ್ದಾರಿ ದಾಟಿ, ಒಂದು ಕಟ್ಟಡಕ್ಕೆ ನುಗ್ಗಿತು. ಗುರುತ್ವ ಕೇಂದ್ರ ಮುಂದಿನ ಮಿತಿಯನ್ನೂ ದಾಟಿ ಮುಂದಿತ್ತು ಎಂದು ತನಿಖೆ ಹೇಳಿತು. ಗ್ರಾಫ್ ಮೇಲೆ ಒಂದು ಚುಕ್ಕಿ ಇಡಲು ಎರಡು ನಿಮಿಷ ಸಾಕಿತ್ತು.

ಇನ್ನೊಂದು ಕಿರಿಕಿರಿ ಎಂದರೆ ಯೂನಿಟ್. ಪುಸ್ತಕ ಪೌಂಡ್‌ನಲ್ಲಿ, ನಮ್ಮಲ್ಲಿ ಇಂಧನ ಲೀಟರ್‌ನಲ್ಲಿ. ಲೀಟರ್‌ಗೆ ಸುಮಾರು 0.8 ಕೆ.ಜಿ., ಅಂದರೆ 1.76 ಪೌಂಡ್. ಪರಿವರ್ತನೆ ಒಂದೇ ಸಲ, ಒಂದೇ ಜಾಗದಲ್ಲಿ, ಒಬ್ಬರೇ ಮಾಡಿ. ಇನ್ನೊಬ್ಬರು ತಾಳೆ ನೋಡಲಿ. 1983ರಲ್ಲಿ ಏರ್ ಕೆನಡಾದ ದೊಡ್ಡ 767 ಆಕಾಶದಲ್ಲೇ ಇಂಧನ ಮುಗಿಸಿಕೊಂಡಿದ್ದು ಪೌಂಡ್, ಕೆ.ಜಿ. ಗೊಂದಲದಿಂದಲೇ.

5. ಸ್ಟಾರ್ಟ್: ಮೂರು ಮತ್ತು ಮೂರು

ಸೈಟೇಷನ್ ಕುಟುಂಬದಲ್ಲಿ ಹಳಬರನ್ನೂ ಕೆಡವುವ ಜೋಡಿ ಇದು. ಸ್ಟಾರ್ಟರ್‌ಗೆ 30 ನಿಮಿಷದಲ್ಲಿ ಮೂರು ಸ್ಟಾರ್ಟ್, ಎರಡರ ನಡುವೆ 90 ಸೆಕೆಂಡ್ ವಿಶ್ರಾಂತಿ. ಬ್ಯಾಟರಿಗೆ ಒಂದು ಗಂಟೆಯಲ್ಲಿ ಮೂರು ಸ್ಟಾರ್ಟ್. ಕಾರ್ಡ್‌ನಲ್ಲಿ ಎರಡಕ್ಕೂ ‘3’ ಅಂತಿರುತ್ತದೆ. ಓದಿದವರು ಎರಡನ್ನೂ ಕಲಸಿ ಕುಡಿದುಬಿಡುತ್ತಾರೆ.

ಸ್ಟಾರ್ಟರ್ ಒಂದೊಂದು ಎಂಜಿನ್‌ಗೂ ಬೇರೆ, ಬಿಸಿಯಾಗುವುದು ಅದರ ಚಿಂತೆ. ಬ್ಯಾಟರಿ ಎರಡಕ್ಕೂ ಒಂದೇ. ಮೊದಲ ಎಂಜಿನ್ ಬ್ಯಾಟರಿಯಿಂದ ಸ್ಟಾರ್ಟ್ ಆಗುತ್ತದೆ. ಎರಡನೆಯದಕ್ಕೆ ಆಗಲೇ ಓಡುತ್ತಿರುವ ಎಂಜಿನ್‌ನ ಜನರೇಟರ್ ನೆರವಾಗುತ್ತದೆ. ಅಂಥ ಮೂರು ಸೇರಿದರೆ ಬ್ಯಾಟರಿಯ ಒಂದು ಸ್ಟಾರ್ಟ್ ಎಂದು ಲೆಕ್ಕ. ಹಾಗಾಗಿ ಎರಡೂ ಎಂಜಿನ್ ಹೊತ್ತಿಸಿದರೆ ಬ್ಯಾಟರಿ ಪುಸ್ತಕದಲ್ಲಿ ಒಂದೂ ಮೂರನೇ ಒಂದು (1⅓). ಗಂಟೆಯೊಳಗೆ ಎರಡು ಸಲ ಹೀಗೆ ಮಾಡಿದರೆ ಎರಡೂ ಮೂರನೇ ಎರಡು (2⅔). ಮೂರನೇ ಸಲಕ್ಕೆ ಜಾಗ ಇಲ್ಲ, ಸ್ಟಾರ್ಟರ್ ಲೆಕ್ಕದಲ್ಲಿ ಇನ್ನೂ ಜಾಗ ಇದ್ದರೂ. ಮಿತಿ ಮೀರಿದರೆ ಬ್ಯಾಟರಿಯನ್ನು ಬಿಚ್ಚಿ ಡೀಪ್ ಸೈಕಲ್ (ಪೂರ್ತಿ ಖಾಲಿ ಮಾಡಿ ಮತ್ತೆ ತುಂಬುವುದು), ಕೆಪಾಸಿಟಿ ಚೆಕ್ ಮಾಡಿಸಬೇಕು.

ಗ್ರೌಂಡ್ ಪವರ್ (ನೆಲದ ಮೇಲಿನ ಹೊರಗಿನ ವಿದ್ಯುತ್ ಯೂನಿಟ್) ಹಚ್ಚಿದರೆ ಬ್ಯಾಟರಿ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಕೇಳಿದರೆ ಸಿಗುವ ಕಡೆಯೆಲ್ಲ ಗ್ರೌಂಡ್ ಪವರ್ ಹಚ್ಚಿ. ಆದರೆ 28 ವೋಲ್ಟ್, 1,000 ಆಂಪ್ ದಾಟುವ ಯೂನಿಟ್ ಸ್ಟಾರ್ಟರ್ ಅನ್ನೇ ಸುಡಬಹುದು. ಹಳೆಯ ಯೂನಿಟ್ ತಳ್ಳಿಕೊಂಡು ಬಂದರೆ ಮೀಟರ್ ನೋಡಿದ ಮೇಲೆಯೇ ಹಚ್ಚಿಸಿ. ‘ಎಲ್ಲರಿಗೂ ಇದೇ ಸಾರ್’ ಅನ್ನುವ ಮಾತು ಮೀಟರ್ ಅಲ್ಲ.

6. ಉಳಿದವು ಬೇಗ

ಎಡ ಬಲ ಇಂಧನದ ವ್ಯತ್ಯಾಸ ಮಾಮೂಲಿಗೆ 200 ಪೌಂಡ್, ತುರ್ತಿನಲ್ಲಿ 600. ಹಿಂಗಾಳಿ 10 ನಾಟ್. ಟೇಕಾಫ್, ಲ್ಯಾಂಡಿಂಗ್‌ನಲ್ಲಿ ಆಟೊಪೈಲಟ್, ‘ಯಾ ಡ್ಯಾಂಪರ್’ (ಮೂಗು ಎಡಬಲ ಓಲಾಡದಂತೆ ತಡೆಯುವ ವ್ಯವಸ್ಥೆ) ಎರಡೂ ಆಫ್. ತಾಪ 10 ಡಿಗ್ರಿ ಅಥವಾ ಕಮ್ಮಿ ಇದ್ದು ಮೋಡ, ಮಳೆ, ಮಂಜು ಕಂಡರೆ ಎಂಜಿನ್ ಆ್ಯಂಟಿ-ಐಸ್ ಆನ್. ಸೊನ್ನೆ ಅಲ್ಲ, 10. ಎಂಜಿನ್ ಬಾಯಲ್ಲಿ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಅದಕ್ಕೇ.

ನಂಬರ್ ಇಲ್ಲದ ಲಿಮಿಟೇಷನ್‌ಗಳೂ ಇವೆ. ಅಮೆರಿಕದಲ್ಲಿ ಸಿಜೆ3ಯನ್ನು ಒಬ್ಬರೇ ಹಾರಿಸಬಹುದು. ಆದರೆ ಆ ರೇಟಿಂಗ್ ಇರಬೇಕು, ಆಟೊಪೈಲಟ್ ಕೆಲಸ ಮಾಡುತ್ತಿರಬೇಕು, ಮೈಕ್ ಇರುವ ಹೆಡ್‌ಸೆಟ್ ಬೇಕು. ಆಟೊಪೈಲಟ್ ಕೆಟ್ಟ ದಿನ ಅದು ಇಬ್ಬರ ವಿಮಾನ.

ಅಡ್ಡಗಾಳಿಯ ವಿಷಯ ಉಲ್ಟಾ. ಪುಸ್ತಕದಲ್ಲಿ ‘ಡೆಮಾನ್ಸ್ಟ್ರೇಟೆಡ್’ ಎಂದು ಬರೆದ ನಂಬರ್ ಟೆಸ್ಟ್ ಪೈಲಟ್ ಮಾಡಿ ತೋರಿಸಿದ ಗಾಳಿ, ಲಿಮಿಟೇಷನ್ ಅಲ್ಲ. ನಿಮ್ಮ ಕಂಪನಿ ಅದನ್ನೇ ಮಿತಿ ಮಾಡಿರಬಹುದು. ಯಾರ ಮಿತಿ ಅಂತ ಸೇರಿಸಿ ಹೇಳಿ.

7. ಒಪ್ಪಿಸುವುದು

ಒಬ್ಬರೇ ಕೂತು ಓದಿದ್ದು ನಿಲ್ಲುವುದಿಲ್ಲ. ವಿಮಾನ ಗೊತ್ತಿಲ್ಲದವರ ಕೈಗೆ ಪುಸ್ತಕ ಕೊಟ್ಟು ಕೇಳಿಸಿಕೊಳ್ಳಿ. ಅವರು ‘ಯಾಕೆ?’ ಅಂದ ಕಡೆ ನಿಮಗೆ ಉತ್ತರ ಬರದಿದ್ದರೆ ಅಲ್ಲಿಗೆ ಗುರುತು ಹಾಕಿ. ಜೊತೆ ಪೈಲಟ್‌ಗಳು ಇದಕ್ಕೆ ಪ್ರಯೋಜನವಿಲ್ಲ, ಅವರು ತಲೆಯಾಡಿಸಿಬಿಡುತ್ತಾರೆ. ಆಮೇಲೆ ಸನ್ನಿವೇಶ ಕಟ್ಟಿಕೊಳ್ಳಿ. ‘ಹುಬ್ಬಳ್ಳಿ, ಬೆಳಗ್ಗೆ, ಮಂಜು, 9 ಡಿಗ್ರಿ, ಒಂದು ಸ್ಟಾರ್ಟ್ ಕೈಕೊಟ್ಟಿದೆ, ಆರು ಜನ.’ ಇದರಲ್ಲಿ ಎಷ್ಟು ಲಿಮಿಟೇಷನ್ ಇವೆ ಎಂದು ಎಣಿಸಿ.

ಓರಲ್‌ನಲ್ಲಿ ಒಂದು ಅಂಕಿ ನೆನಪಾಗದಿದ್ದರೆ ಊಹಿಸಬೇಡಿ. ‘ಪುಸ್ತಕ ನೋಡುತ್ತೇನೆ’ ಎಂದು ಹೇಳಿ ಪುಟ ತೆರೆದು ತೋರಿಸಿ. ಹೆಚ್ಚಿನ ಪರೀಕ್ಷಕರು ಒಂದೆರಡು ಸಲಕ್ಕೆ ಒಪ್ಪುತ್ತಾರೆ. ತೂಕಕ್ಕೆ, ವೇಗಕ್ಕೆ ಮಾತ್ರ ಒಪ್ಪುವುದಿಲ್ಲ.