ಬಾಡಿಗೆದಾರರು ಪದೇ ಪದೇ ಕರಾರು ಮೀರುತ್ತಿದ್ದರೆ ಬರೆದು ಕಳಿಸಿ
ಬಾಡಿಗೆಯವರು ಮತ್ತೆ ಮತ್ತೆ ಕರಾರು ಮೀರುತ್ತಿದ್ದರೆ ಬಾಗಿಲಲ್ಲಿ ನಿಂತು ಜಗಳ ಆಡಬೇಡಿ, ಅದೇ ದಿನ ನಾಲ್ಕು ಸಾಲು ಬರೆದು ಕಳಿಸಿ. ತಾರೀಖು, ಕಣ್ಣಾರೆ ಕಂಡಿದ್ದು, ಕರಾರಿನ ಎಷ್ಟನೇ ಷರತ್ತು, ಯಾವತ್ತಿನೊಳಗೆ ಸರಿ ಮಾಡಬೇಕು, ಇಷ್ಟೇ. "12ನೇ ತಾರೀಖು ರಾತ್ರಿ ಮೆಟ್ಟಿಲ ಕೆಳಗೆ ನಿಮ್ಮ ಎರಡನೇ ಬೈಕ್ ನಿಂತಿತ್ತು, 7ನೇ ಷರತ್ತಿನಲ್ಲಿ ಒಂದೇ ಗಾಡಿ ಎಂದಿದೆ, 20ರೊಳಗೆ ತೆಗೆಯಿರಿ, ಈ ಮೆಸೇಜ್ ಸಿಕ್ಕಿತು ಅಂತ ಒಂದು ಉತ್ತರ ಹಾಕಿ." ಒಂದು ಫೋಟೋನೂ ಇರಲಿ. "ನೀವು ಯಾವಾಗಲೂ ಹೀಗೇ" ಅನ್ನುವ ಮಾತು ಮಾತ್ರ ಬೇಡ, ಅದು ಬಂದ ಕೂಡಲೇ ವಿಷಯ ಬೈಕಿನಿಂದ ಯಾರ ಸ್ವಭಾವ ಹೇಗೆ ಅನ್ನುವುದಕ್ಕೆ ಜಾರುತ್ತದೆ. ಬಾಯಿಮಾತು ಮರುದಿನ "ನೀವು ಹೇಳೇ ಇಲ್ವಲ್ಲ" ಆಗಿಬಿಡುತ್ತದೆ, ಬರಹ ಹಾಗಾಗುವುದಿಲ್ಲ. ಮೂರನೇ ಸಲ ಬರೆಯುವಾಗ ಹಿಂದಿನ ಎರಡೂ ತಾರೀಖು ಸೇರಿಸಿ. ಅಲ್ಲಿಗೆ ಎಷ್ಟೋ ಜನ ದಾರಿಗೆ ಬರುತ್ತಾರೆ, ಬರದಿದ್ದರೆ ವಕೀಲರ ನೋಟಿಸಿಗೆ ಬೇಕಾದದ್ದು ಆಗಲೇ ಕೈಯಲ್ಲಿರುತ್ತದೆ. ಆದರೆ ಕರಾರಿನಲ್ಲಿ ಇಲ್ಲದ ವಿಷಯಕ್ಕೆ ಇದು ನಡೆಯುವುದಿಲ್ಲ, ನಮಗೆ ಇಷ್ಟವಿಲ್ಲ ಅಂದಮಾತ್ರಕ್ಕೆ ಷರತ್ತು ಆಗಲ್ಲ ಅಲ್ವಾ. ತಿಂಗಳುಗಟ್ಟಲೆ ನೋಡಿಯೂ ಸುಮ್ನೆ ಬಾಡಿಗೆ ತೆಗೆದುಕೊಂಡಿದ್ದರೂ ಕಷ್ಟವೇ, ನೀವೇ ಒಪ್ಪಿದ್ದೀರಿ ಎಂದು ಅವರು ವಾದಿಸಬಹುದು. ಹಾಗಿದ್ದರೆ ಮೊದಲು "ಇನ್ನು ಮುಂದೆ ಈ ಷರತ್ತು ಪಾಲಿಸಲೇಬೇಕು" ಎಂದು ಒಂದು ತಾರೀಖು ಕೊಟ್ಟು ತಿಳಿಸಿ, ಎಣಿಕೆ ಅಲ್ಲಿಂದ ಶುರು ಮಾಡಿ. ಗ್ಯಾಸ್ ವಾಸನೆ, ಬೆಂಕಿಯ ಭಯ ಇದ್ದಾಗ ಬರೆಯುತ್ತಾ ಕೂರಬೇಡಿ, ಫೋನ್ ಮಾಡಿ. ಸಿಟ್ಟಿನಲ್ಲಿ ನೀರು, ಕರೆಂಟು ನಿಲ್ಲಿಸಲು ಮಾತ್ರ ಹೋಗಬೇಡಿ, ಆಮೇಲೆ ತಪ್ಪಿತಸ್ಥರು ನೀವೇ ಆಗುತ್ತೀರಿ.