ಹತ್ತು ದಿನದ ಗೊಂಬೆಗಳಿಗಾಗಿ ಜೋಡಿಸಿದ ಹಾಲ್

ಮಂಡ್ಯದ ವಿದ್ಯಾನಗರದ ಮನೆ ಬಿಟ್ಟು ಮೈಸೂರಿನ ಕುವೆಂಪುನಗರದ ಅಪಾರ್ಟ್‌ಮೆಂಟಿಗೆ ಬಂದಾಗ ನಮ್ಮ ಸಾಮಾನಿನಲ್ಲಿ ಹನ್ನೊಂದು ಪೆಟ್ಟಿಗೆ ತುಂಬ ದಸರೆ ಗೊಂಬೆಗಳಿದ್ದವು. ಅತ್ತೆಯವರು ಮದುವೆಯಲ್ಲಿ ತವರಿನಿಂದ ತಂದ ರಾಜ ರಾಣಿಯ ಪಟ್ಟದ ಗೊಂಬೆಗಳಿಂದ ಹಿಡಿದು, ನನ್ನ ಮಗಳಿಗೆಂದು ಚನ್ನಪಟ್ಟಣದಲ್ಲಿ ಕೊಂಡ ಅರಗಿನ ಬಣ್ಣದ ವಾದ್ಯಗೋಷ್ಠಿಯವರೆಗೆ ಮೂರು ತಲೆಮಾರಿನ ಸಂಗ್ರಹ ಅದು. ಹಳೆಯ ಮನೆಯ ಪಡಸಾಲೆಯಲ್ಲಿ ಟ್ರಂಕು, ಮೇಜು, ಬೆಂಚುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ದಸರೆಯ ಹತ್ತು ದಿನ ಗೊಂಬೆ ಕೂರಿಸಲು ಒಂಬತ್ತು ಮೆಟ್ಟಿಲು ಮಾಡುತ್ತಿದ್ದೆವು. ಹೊಸ ಮನೆಯ ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಅಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿದರೆ ಎದುರು ಗೋಡೆಗೇ ತಗಲುತ್ತದೆ.

ನೋಡಲು ಬಂದವರೆಲ್ಲರೂ ಮೊದಲು ಸೋಫಾ ಎಲ್ಲಿ, ಟಿವಿ ಎಲ್ಲಿ ಎಂದು ಕೇಳಿದರು. ನನಗೆ ಮಾತ್ರ ಗೊಂಬೆ ಎಲ್ಲಿ ಕೂರುತ್ತದೆ ಎಂಬುದು ಗೊತ್ತಾಗದೆ ಒಂದು ಕುರ್ಚಿಯನ್ನೂ ಕೊಳ್ಳಲು ಮನಸ್ಸಾಗಲಿಲ್ಲ. ಉಳಿದ ಮುನ್ನೂರೈವತ್ತೈದು ದಿನಗಳ ಅಲಂಕಾರವನ್ನು ಆ ಹತ್ತು ದಿನಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದೆ.

ಮೊದಲ ವಾರ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಗೊಂಬೆಯ ಮೆಟ್ಟಿಲಿಗೆ ಬೇಕಾಗುವ ಜಾಗದ ಅಳತೆಗೆ, 4 ಅಡಿ ಉದ್ದ, 4 ಅಡಿ ಅಗಲದ ಒಂದು ಚೌಕ ಮಾಡಿ ನೆಲದ ಮೇಲೆ ಹಾಸಿದೆ. ದಿನಕ್ಕೊಂದು ಕಡೆ ಸರಿಸಿ, ಅದನ್ನು ತುಳಿಯದೆ ಓಡಾಡಿದೆವು. ಅತ್ತೆಯವರು ಕೋಲೂರಿಕೊಂಡು ಬಾಲ್ಕನಿಗೆ ಹೋಗಲು ಎಲ್ಲಿ ತಡವರಿಸುತ್ತಾರೆ, ಬಾಗಿಲು ತೆರೆದವರಿಗೆ ಮೊದಲು ಏನು ಕಾಣುತ್ತದೆ ಎಂಬುದನ್ನೆಲ್ಲ ಆ ಕಾಗದದ ಚೌಕವೇ ಹೇಳಿಕೊಟ್ಟಿತು. ಕೊನೆಗೆ ಪೂರ್ವದ ಉದ್ದ ಗೋಡೆಯೇ ಸರಿ ಎನಿಸಿತು. ಎದುರಿಗೆ, ಪಶ್ಚಿಮದ ಕಿಟಕಿಯ ಕೆಳಗೆ, ಎರಡೂವರೆ ಅಡಿ ಅಗಲದ ದಿವಾನ ಇಟ್ಟರೂ ನಡುವೆ ಮೂರೂವರೆ ಅಡಿ ದಾರಿ ಉಳಿಯುತ್ತಿತ್ತು. ಆರತಿ ತಟ್ಟೆ ಹಿಡಿದ ಇಬ್ಬರು ಅಕ್ಕಪಕ್ಕ ನಿಲ್ಲಲು ಅಷ್ಟು ಸಾಕು.

ಮೆಟ್ಟಿಲುಗಳದೇ ದೊಡ್ಡ ಯೋಚನೆಯಾಗಿತ್ತು. ಕಬ್ಬಿಣದ ಮಡಚುವ ಮೆಟ್ಟಿಲುಗಳು ಸಿಗುತ್ತವೆ, ಆದರೆ ವರ್ಷವಿಡೀ ಅವನ್ನು ಇಡುವ ಅಟ್ಟ ನಮಗಿಲ್ಲ. ಮೆಟ್ಟಿಲೇ ಮನೆಯ ಪೀಠೋಪಕರಣವಾದರೆ? 4 ಅಡಿ ಉದ್ದದ ಐದು ಪೆಟ್ಟಿಗೆಗಳು; ಎತ್ತರ ಕ್ರಮವಾಗಿ 9, 18, 27, 36, 45 ಇಂಚು. ದಸರೆಯಲ್ಲಿ ಒಂದರ ಮುಂದೆ ಒಂದು ನಿಲ್ಲಿಸಿದರೆ ಐದು ಮೆಟ್ಟಿಲು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕೆಂಬ ಅತ್ತೆಯವರ ನಿಯಮವೂ ಉಳಿಯಿತು. ಹಬ್ಬ ಮುಗಿದ ಮೇಲೆ ಎತ್ತರದ ಎರಡು ಪೆಟ್ಟಿಗೆಗಳು ಪುಸ್ತಕದ ಕಪಾಟು, 27 ಇಂಚಿನದು ಬಾಗಿಲ ಬಳಿ ಕೀಲಿಕೈ, ಕಾಗದಪತ್ರ ಇಡುವ ಮೇಜು, 18 ಇಂಚಿನದು ಕೂತು ಚಪ್ಪಲಿ ಹಾಕಿಕೊಳ್ಳುವ ಬೆಂಚು, 9 ಇಂಚಿನದು ಬಾಲ್ಕನಿಯ ಅಂಚಿನಲ್ಲಿ ಕುಂಡಗಳ ಮಣೆ.

ನಾನು ಪ್ರತಿ ಪೆಟ್ಟಿಗೆಯ ಆಳವನ್ನು 10 ಇಂಚು ಎಂದು ಬರೆದುಕೊಂಡಿದ್ದೆ. ಬಡಗಿ ನನ್ನ ಚೀಟಿಯನ್ನು ಬಹಳ ಹೊತ್ತು ನೋಡಿ, “ಅಮ್ಮಾ, ಅರ್ಧ ಇಂಚು ಬಿಟ್ಟುಕೊಡಿ, ಒಂದು ಹಾಳೆ ಉಳಿಯುತ್ತದೆ” ಎಂದರು. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. 10 ಇಂಚಿನಂತೆ ಸೀಳಿದರೆ 48 ಇಂಚಿನಲ್ಲಿ ನಾಲ್ಕೇ ಪಟ್ಟಿ, ಉಳಿದದ್ದು ವ್ಯರ್ಥ. ಒಂಬತ್ತೂವರೆ ಇಂಚಾದರೆ ಗರಗಸ ತಿನ್ನುವ ಮರವನ್ನು ಕಳೆದರೂ ಐದು ಪಟ್ಟಿ. ನಮಗೆ ಬೇಕಿದ್ದದ್ದು ಹತ್ತು ಪಟ್ಟಿ, ಅದೂ ಅತಿ ಚಿಕ್ಕ ಪೆಟ್ಟಿಗೆಗೆ ತಳ ಬೇಡವೆಂದು ಬಿಟ್ಟ ಮೇಲೆ. ಹಾಗಾಗಿ 18 ಮಿಲಿಮೀಟರಿನ ಮೂರು ಹಾಳೆಯ ಬದಲು ಎರಡರಲ್ಲಿ ಕೆಲಸ ಮುಗಿಯಿತು. ಹಿಂಬದಿಗೆ 6 ಮಿಲಿಮೀಟರಿನ ತೆಳು ಹಲಗೆ. ಕೈಕೆಲಸ ಬಲ್ಲವರ ಎದುರು ಅಳತೆಯ ಚೀಟಿ ಇಟ್ಟು ಸುಮ್ಮನೆ ಕಾಯುವುದು ಎಷ್ಟು ಒಳ್ಳೆಯದೆಂದು ಆ ದಿನ ತಿಳಿಯಿತು.

ಒಂದು ತಪ್ಪು ಮಾತ್ರ ನನ್ನದು. ನೋಡಲು ತೆರವಾಗಿರಲಿ ಎಂದು ಕಪಾಟಿನ ನಡುವೆ ಆಧಾರ ಬೇಡವೆಂದಿದ್ದೆ. ಆರು ತಿಂಗಳಲ್ಲಿ ನಿಘಂಟುಗಳ ಭಾರಕ್ಕೆ ಹಲಗೆಗಳು ಬಾಗಿದವು. 4 ಅಡಿ ಉದ್ದದ ಹಲಗೆ ಪುಸ್ತಕದ ಭಾರ ಹೊರಬೇಕಾದರೆ ಮಧ್ಯದಲ್ಲಿ ನಿಲುವು ಬೇಕೇ ಬೇಕು. ಆಮೇಲೆ ಹಾಕಿಸಿದೆ. ದಸರೆಯಲ್ಲಿ ಹಿಂದಿನ ಪೆಟ್ಟಿಗೆಗಳ ಪುಸ್ತಕಗಳು ಮುಚ್ಚಿಹೋಗುವುದರಿಂದ ಸರಸ್ವತಿ ಪೂಜೆಗೆ ಇಡುವ ಪುಸ್ತಕಗಳನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಬೇಕು.

ಬಣ್ಣದ ವಿಷಯದಲ್ಲಿ ನೆನಪು ನನ್ನನ್ನು ದಾರಿ ತಪ್ಪಿಸಿತು. ಮಂಡ್ಯದ ಮನೆಯ ಕಾವಿ ನೆಲದ ಮೇಲಿನ ಪ್ರೀತಿಯಿಂದ ಪೂರ್ವದ ಗೋಡೆಗೆ ಅದೇ ಕೆಂಪನ್ನು ಬಳಿಸಿದೆ. ಬೆಳಿಗ್ಗೆ ಚೆನ್ನಾಗಿತ್ತು. ಸಂಜೆ ಪಶ್ಚಿಮದ ಬಿಸಿಲು ನೇರ ಅದರ ಮೇಲೆ ಬಿದ್ದಾಗ ಇಡೀ ಹಾಲ್ ಒಲೆಯ ಬಾಯಂತಾಯಿತು, ದೀಪ ಹಾಕಿದರೆ ಗೋಡೆ ಒಂದಡಿ ಮುಂದೆ ಬಂದಂತೆ ಕಾಣುತ್ತಿತ್ತು. ಎಲ್ಲಕ್ಕಿಂತ ನೋವಾದದ್ದು, ರಕ್ತಚಂದನದ ಪಟ್ಟದ ಗೊಂಬೆಗಳನ್ನು ಪ್ರಯತ್ನಕ್ಕೆಂದು ಅಲ್ಲಿ ನಿಲ್ಲಿಸಿದಾಗ. ರಾಜ ರಾಣಿ ಇಬ್ಬರೂ ಗೋಡೆಯೊಳಗೆ ಕರಗಿಹೋದರು. ಎರಡನೆಯ ಸಲ ಅವಸರ ಮಾಡಲಿಲ್ಲ. ನಾಲ್ಕು ತಿಳಿ ಬಣ್ಣಗಳನ್ನು ಎರಡೆರಡು ಅಡಿ ಚೌಕವಾಗಿ ಬಳಿದು, ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಹೊತ್ತು ಒಂದೊಂದರ ಮುಂದೆಯೂ ರಾಣಿಯನ್ನು ಹಿಡಿದು ನೋಡಿದೆವು. ಆರಿಸಿದ್ದು ಅಕ್ಕಿ ತೊಳೆದ ನೀರಿನ ಬಣ್ಣ. ಗೊಂಬೆಗಳಿಗೆ ಅವುಗಳದೇ ಬಣ್ಣ ಬೇಕಾದಷ್ಟಿದೆ. ಗೋಡೆ ಸುಮ್ಮನಿದ್ದರೆ ಸಾಕು.

ಬೆಳಕಿಗೂ ಅದೇ ಪರೀಕ್ಷೆ. ಮನೆಯಲ್ಲಿ ಮೊದಲೇ ಇದ್ದ, ತಣ್ಣನೆಯ ನೀಲಿಬಿಳಿ ಬೆಳಕಿನ 6500 ಕೆಲ್ವಿನ್‌ನ ಟ್ಯೂಬ್‌ಲೈಟಿನಲ್ಲಿ ಜರಿ ಬೂದಿಯಂತೆ ಕಾಣುತ್ತಿತ್ತು. ಬೆಚ್ಚನೆಯ ಹಳದಿ ಬೆಳಕಿನ 3000 ಕೆಲ್ವಿನ್‌ನ ಎಲ್‌ಇಡಿ ಹಾಕಿದ ಕೂಡಲೇ ಜರಿಗೂ ಅರಗಿನ ಬಣ್ಣಕ್ಕೂ ಜೀವ ಬಂತು. ದೀಪ ಗೋಡೆಗೆ ಹತ್ತಿರವಿದ್ದರೆ ಬೆಳಕು ಗೊಂಬೆಗಳ ತಲೆಯ ಮೇಲಷ್ಟೇ ಬಿದ್ದು ಮುಖ ಕಪ್ಪಾಗುತ್ತದೆ. ಹಾಗಾಗಿ ಸೂರಿನಲ್ಲಿ ಗೋಡೆಯಿಂದ ಆರು ಅಡಿ ಈಚೆಗೆ ಎರಡು ದೀಪ ಹಾಕಿಸಿ ಅವನ್ನು ಮೆಟ್ಟಿಲ ಕಡೆಗೆ ವಾಲಿಸಿದ್ದೇನೆ. ಉಳಿದ ದಿನಗಳಲ್ಲಿ ಅವು ಪುಸ್ತಕಗಳ ಬೆನ್ನಿನ ಮೇಲೆ ಬೀಳುತ್ತವೆ, ಅದೂ ಚೆಂದವೇ. ಕಿಟಕಿಗೆ ದಪ್ಪ ಹತ್ತಿಯ ಪರದೆ. ಮಧ್ಯಾಹ್ನ ಮೂರರ ನಂತರ ಎಳೆಯದಿದ್ದರೆ ಗೊಂಬೆಗಳ ರೇಷ್ಮೆ ಬಣ್ಣಗೆಡುತ್ತದೆ.

ಕೂರಲು ದಿವಾನ ಮತ್ತು ಎರಡು ಬೆತ್ತದ ಕುರ್ಚಿಗಳು, ಅಷ್ಟೇ. ದಿವಾನದ ಹೊಟ್ಟೆಯಲ್ಲಿ ಗೊಂಬೆಗಳು ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿವೆ. ಬೆತ್ತದ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ ಬಾಲ್ಕನಿಗೆ ಒಯ್ಯಬಹುದು, ಕೈಹಿಡಿಯಿರುವುದರಿಂದ ಅತ್ತೆಯವರು ಊರಿಕೊಂಡು ಏಳಬಹುದು. ಟಿವಿಯನ್ನು ಮಲಗುವ ಕೋಣೆಗೆ ಕಳುಹಿಸಿದೆವು. ಗೋಡೆಯ ಮೇಲೆ ಒಂದೇ ಒಂದು ಅಲಂಕಾರ: ಮಂಡಿ ಮೊಹಲ್ಲಾದ ಕುಶಲಕರ್ಮಿಯೊಬ್ಬರಿಂದ ತಂದ ಬೀಟೆ ಮರದ ಕೆತ್ತುಕೂರಿಕೆಯ (ಇನ್ಲೇ) ಫಲಕ, ಅಂದರೆ ಮರವನ್ನು ಕೆತ್ತಿ ಅದರೊಳಗೆ ಚೂರುಗಳನ್ನು ಕೂರಿಸಿದ್ದು. ಒಂದು ಕಾಲದಲ್ಲಿ ಆನೆದಂತ ಕೂರಿಸುತ್ತಿದ್ದ ಕಲೆ ಅದು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂರುಗಳಿಂದಲೂ ಚಿತ್ರ ಮೂಡಿಸುತ್ತಾರೆ. ನಮ್ಮ ಫಲಕದಲ್ಲಿ ಮರದ ಕೆಳಗೆ ನಿಂತ ಎರಡು ಎತ್ತುಗಳಿವೆ. ಬಿಸಿಲು ತಾಗದ ಉತ್ತರದ ಗೋಡೆಯಲ್ಲಿ, ಕೂತವರ ಕಣ್ಣಿಗೆ ಸಮನಾಗಿ, ಅಂದರೆ ಸಾಮಾನ್ಯಕ್ಕಿಂತ ಒಂದು ಗೇಣು ಕೆಳಗೆ ತೂಗುಹಾಕಿದ್ದೇನೆ.

ಕಳೆದ ದಸರೆಗೆ ಪೆಟ್ಟಿಗೆಗಳನ್ನು ಮೆಟ್ಟಿಲಾಗಿಸಲು ನನಗೂ ಯಜಮಾನರಿಗೂ ಮುಕ್ಕಾಲು ಗಂಟೆ ಸಾಕಾಯಿತು. ಪಂಚೆ ಹಾಸಿ, ಮೇಲಿನ ಮೆಟ್ಟಿಲ ನಡುವೆ ಪಟ್ಟದ ಗೊಂಬೆಗಳನ್ನು ಕೂರಿಸಿ, ದೇವರಾಜ ಮಾರುಕಟ್ಟೆಯಿಂದ ತಂದ ಸೇವಂತಿಗೆ ಸರವನ್ನು ಅಂಚಿಗೆ ಬಿಟ್ಟಾಗ ಅತ್ತೆಯವರು ದಿವಾನದ ಮೇಲೆ ಕೂತು ಬಹಳ ಹೊತ್ತು ನೋಡಿದರು. ಸಂಜೆ ಗೊಂಬೆ ಬಾಗಿನಕ್ಕೆ ಬಂದ ಅಪಾರ್ಟ್‌ಮೆಂಟಿನ ಮಕ್ಕಳು ಹದಿನಾಲ್ಕು ಜನ, ಎಲ್ಲರೂ ಹಾಲಿನ ನೆಲದ ಮೇಲೆಯೇ ಕೂತರು.

ವಿಜಯದಶಮಿಯ ರಾತ್ರಿ ರಾಜ ರಾಣಿಯನ್ನು ಮಲಗಿಸಿ, ಮರುದಿನ ಪೆಟ್ಟಿಗೆಗಳನ್ನು ಅವುಗಳ ಜಾಗಕ್ಕೆ ಸರಿಸುತ್ತಿದ್ದೆವು. 18 ಇಂಚಿನ ಬೆಂಚನ್ನು ಬಾಗಿಲ ಕಡೆಗೆ ಎಳೆಯುವಾಗ ಅತ್ತೆಯವರು ತಡೆದರು. “ಅದು ಬಾಲ್ಕನಿ ಬಾಗಿಲ ಪಕ್ಕದಲ್ಲೇ ಇರಲಿ ಕಣಮ್ಮ. ಅವರೆಕಾಯಿ ಬಿಡಿಸಲು ನನಗೆ ಸರಿಯಾದ ಎತ್ತರ.” ಈಗ ಅದು ಅಲ್ಲೇ ಇದೆ. ಚಪ್ಪಲಿ ಹಾಕಿಕೊಳ್ಳಲು ಇನ್ನೊಂದು ಬೆಂಚು ಮಾಡಿಸಬೇಕು. ಹೇಗೂ ಮಾಡಿಸುವುದಾದರೆ ಇನ್ನೆರಡು ಪೆಟ್ಟಿಗೆ ಸೇರಿಸಿ ಏಳು ಮೆಟ್ಟಿಲಾಗುತ್ತದೆಯೇ ಎಂದು ಮತ್ತೆ ಪತ್ರಿಕೆಗಳನ್ನು ಅಂಟಿಸುತ್ತಿದ್ದೇನೆ.