ಹುತ್ತ ಉಳಿಸಿಕೊಂಡು ಮನೆ ಕಟ್ಟಿದ್ದು

ಮನೆ ಕಟ್ಟುವ ಜಾಗಕ್ಕೆ ಎಲ್ಲರಿಗಿಂತ ಮೊದಲು ಬರುವುದು ಜೆಸಿಬಿ. ಗುದ್ದಲಿ ಪೂಜೆಯ ಮಾರನೇ ದಿನ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಜಾಗ ಮಟ್ಟ. ಪೊದೆ, ಹುತ್ತ, ಹಳೇ ಬದು, ಮಳೆನೀರು ಹರಿಯುತ್ತಿದ್ದ ಸಣ್ಣ ದಾರಿ, ಒಂದೂ ಉಳಿಯುವುದಿಲ್ಲ. ಆಮೇಲೆ ಲಾನ್ ಹಾಕಿ, ಪಾಮ್ ಗಿಡ ನೆಟ್ಟು, ಹಸಿರು ಮನೆ ಅಂತ ಹೇಳಿಕೊಳ್ಳುತ್ತೇವೆ. ಅದಕ್ಕೇ ನಾನು ಆರ್ಕಿಟೆಕ್ಟ್ ಆಗಿ ಮೊದಲು ಮಾಡುವ ಕೆಲಸ, ಜೆಸಿಬಿ ಎಲ್ಲಿಗೆ ಹೋಗಬಾರದು ಅಂತ ಸುಣ್ಣದಲ್ಲಿ ಗೆರೆ ಹಾಕುವುದು. ಗಿಡ ನೆಡುವ ಮಾತು ಕೊನೆಗೆ.

ಕನಕಪುರ ರಸ್ತೆಯ ಕಡೆ 20 ಗುಂಟೆ ಜಾಗದಲ್ಲಿ ಮಾಡಿಕೊಟ್ಟ ಒಂದು ಮನೆಯ ವಿಷಯ ಹೇಳುತ್ತೇನೆ. ಹಿಂದೆ ರಾಗಿ ಹೊಲ, ಆಮೇಲೆ ಬೀಳು ಬಿದ್ದ ನೆಲ. ಸರ್ವೆ ನಕ್ಷೆಯಲ್ಲಿ ಗಡಿ, ಏರು ತಗ್ಗು, ದಪ್ಪ ಮರಗಳು ಇದ್ದವು. ಹುತ್ತ ಇರಲಿಲ್ಲ, ಮುಂಗುಸಿ ಓಡಾಡುವ ದಾರಿ ಇರಲಿಲ್ಲ, ಮಳೆ ಬಂದಾಗ ನೀರು ಯಾವ ಮೂಲೆಯಿಂದ ಇಳಿಯುತ್ತದೆ ಅನ್ನುವುದೂ ಇರಲಿಲ್ಲ. ಬೇಸಿಗೆಯಲ್ಲೊಮ್ಮೆ, ಮುಂಗಾರು ಶುರುವಾದ ಮೇಲೆ ಒಮ್ಮೆ ಹೋಗಿ ಅವನ್ನೆಲ್ಲ ನಾನೇ ಗುರುತು ಮಾಡಿಕೊಂಡೆ. ಹೊಂಗೆ ಮರಗಳೂ ಹುತ್ತವೂ ಇದ್ದ ಉತ್ತರದ ಭಾಗವನ್ನು ಹಾಗೇ ಬಿಟ್ಟು, ಮನೆಯನ್ನು ದಕ್ಷಿಣದ ಬರಡು ಮೂಲೆಗೆ ಸರಿಸಿದೆವು.

ಹುತ್ತದ ಬಗ್ಗೆ ಮನೆಯವರಿಗೆ ಎರಡು ಭಯ. ಒಂದು ಹಾವು, ಇನ್ನೊಂದು ಗೆದ್ದಲು. ಎರಡೂ ಸುಮ್ನೆ ಭಯ ಅಲ್ಲ. ಆದರೆ ಹುತ್ತ ಕೆಡವಿದರೆ ಗೆದ್ದಲು ಹೋಗುವುದಿಲ್ಲ, ರಾಣಿ ನೆಲದೊಳಗೆ ಇರುತ್ತದೆ. ಪಾಯದ ಮಣ್ಣಿಗೆಲ್ಲ ವಿಷ ಸುರಿಯುವುದು ಈಗಿನ ರೂಢಿ. ಅದರ ಬದಲು ನಾವು ಸೈಜುಗಲ್ಲಿನ ಪಾಯವನ್ನು ನೆಲದಿಂದ ಎರಡಡಿ ಎತ್ತರಿಸಿ, ಅದರ ಮೇಲೆ ಮೂರು ಇಂಚು ಹೊರಗೆ ಚಾಚುವ ಹಾಗೆ ಕಲ್ಲಿನ ಪಟ್ಟಿ ಕೂರಿಸಿದೆವು. ಗೆದ್ದಲು ಬಯಲಲ್ಲಿ ನಡೆಯುವುದಿಲ್ಲ, ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಹತ್ತಬೇಕು. ಚಾಚಿದ ಕಲ್ಲನ್ನು ಬಳಸಿ ಬರುವಾಗ ಆ ಕೊಳವೆ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಗುಡಿಸಿದರೆ ಆಯಿತು. ಕೆಳಗಿನ ಮಹಡಿಯ ಹೊರಬಾಗಿಲಿನ ಚೌಕಟ್ಟು ಕಲ್ಲಿನದು. ಮಣ್ಣಿಗೆ ತಾಗುವ ಕಡೆ ಒಂದು ತುಂಡು ಮರವೂ ಇಲ್ಲ. ಆಗಾಗ ಪಾಯ ಸುತ್ತಿ ನೋಡಬೇಕು, ಆ ಕೆಲಸ ತಪ್ಪಿದ್ದಲ್ಲ. ಮಳೆ ಬಿದ್ದ ಸಂಜೆ ಆ ಹುತ್ತದಿಂದ ರೆಕ್ಕೆಯ ಗೆದ್ದಲು ಏಳುವಾಗ ಕಾಜಾಣ, ಮೈನಾ, ಕಪ್ಪೆ, ಹಲ್ಲಿ ಎಲ್ಲವೂ ಅಲ್ಲಿ ಹಾಜರು.

ಹಾವಿನ ಮಾತು ಎತ್ತಿದ್ದು ಮನೆಯ ಅಜ್ಜಿ. "ನೀನು ಬೇಕಾದ್ದು ಕಟ್ಟಮ್ಮ, ರಾತ್ರಿ ನಾನು ಬಚ್ಚಲಿಗೆ ಹೋಗುವಾಗ ನಾಗಪ್ಪ ಬಂದ್ರೆ?" ಅಂದರು. ನಾಗರ, ಕೊಳಕುಮಂಡಲ, ಕಟ್ಟುಹಾವು ಇರುವ ಸೀಮೆಯಲ್ಲಿ ಈ ಪ್ರಶ್ನೆಗೆ ವಾಸ್ತುಶಿಲ್ಪದಲ್ಲೇ ಉತ್ತರ ಕೊಡಬೇಕು. ಮನೆ ಸುತ್ತ ಆರಡಿ ಅಗಲ ಗಿಡಪೊದೆ ಇಲ್ಲದ ಗಟ್ಟಿ ನೆಲ. ಸೌದೆ, ಹೆಂಚು, ಇಟ್ಟಿಗೆ ಚೂರು ಗೋಡೆಗೆ ಒರಗಿಸಿ ಇಡುವಂತಿಲ್ಲ. ಬಚ್ಚಲು ನೀರು ಹೋಗುವ ಕೊಳವೆಯ ಬಾಯಿಗೆ ಜಾಲರಿ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಕಾಳುಕಡ್ಡಿ ಇಡುವ ಕೋಣೆಗೆ ಇಲಿ ನುಗ್ಗದ ಹಾಗೆ ಬಿಗಿ ಬಾಗಿಲು, ಯಾಕೆಂದರೆ ಇಲಿ ಇದ್ದ ಕಡೆಗೇ ಹಾವು. ಅಜ್ಜಿಯ ಬಚ್ಚಲನ್ನು ಅವರ ಕೋಣೆಗೇ ಸೇರಿಸಿದೆ.

ಗೋಡೆಗೆ ಅಲ್ಲೇ ಸಂಪ್ ಅಗೆದಾಗ ಬಂದ ಕೆಮ್ಮಣ್ಣು ಬಳಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ (ASTRA) ಕೇಂದ್ರ ಈ ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಶೇ. 7-8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರು ಹಾಕಿ ಗಟ್ಟಿ ಮಾಡುವುದು. ಇಟ್ಟಿಗೆಯ ಹಾಗೆ ಸುಡಬೇಕಿಲ್ಲ, ಸೌದೆ ಬೇಕಿಲ್ಲ. ಪೂರ್ವದ ಗೋಡೆಯ ಹೊರಮೈಗೆ, ಸೂರಿನ ಕೆಳಗೆ ಮಳೆ ಬಡಿಯದ ಕಡೆ, ಮಂಚದಷ್ಟು ಅಗಲಕ್ಕೆ ಸಿಮೆಂಟ್ ಇಲ್ಲದ ಮೆತ್ತನೆ ಮಣ್ಣು ಮೆತ್ತಿಸಿದೆ. ಅದು ಒಂಟಿಯಾಗಿ ಗೂಡು ಮಾಡುವ ಜೇನುಗಳಿಗೆ.

ಬಂದವು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆ ಇರುವ ಜೇನು. ಹೆಣ್ಣು ದವಡೆಯಲ್ಲಿ ಮಣ್ಣು ಕೆರೆದು, ಹಿಂಗಾಲಿನಲ್ಲಿ ಪುಡಿ ತಳ್ಳುತ್ತಾ ಹಿಂದೆ ಹಿಂದೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ತೂತು ಪೆನ್ಸಿಲ್ ತೂರುವಷ್ಟು. ಅಕ್ಕಪಕ್ಕ ಎಷ್ಟೇ ಗೂಡಿದ್ದರೂ ಒಂದೊಂದು ಗೂಡಿಗೂ ಅದರದೇ ತಾಯಿ. ಕಾಯಲು ಜೇನುಹಿಂಡು ಇಲ್ಲ, ಹಾಗಾಗಿ ಮೇಲೆ ಬಿದ್ದು ಕಚ್ಚುವುದೂ ಇಲ್ಲ. ಗಂಡುಗಳಿಗೆ ಗೂಡೇ ಇಲ್ಲ. ಸಂಜೆಯಾದರೆ ಒಣಗಿದ ಕಡ್ಡಿಯೊಂದನ್ನು ಬಾಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನೇತಾಡಿಕೊಂಡು ಮಲಗುತ್ತವೆ. ಅದನ್ನು ನೋಡಿದ ಮೇಲೆ ತೋಟದಲ್ಲಿ ಒಣಕಡ್ಡಿ ಎಲ್ಲವನ್ನೂ ಸವರಿ ಹಾಕಬೇಡಿ ಅಂತ ಮನೆಯವರಿಗೆ ಹೇಳಿದೆ. ಬದನೆ, ಟೊಮೆಟೊ ಹೂವಿನ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದಷ್ಟೇ ಉದುರುತ್ತದೆ. ಈ ಜೇನು ಹೂವನ್ನು ತಬ್ಬಿ ಝೇಂಕರಿಸಿ ಅದನ್ನು ಅಲುಗಾಡಿಸುತ್ತದೆ. ನಮ್ಮ ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ.

ಗುಬ್ಬಚ್ಚಿಗೆ ಗೋಡೆಯಲ್ಲೇ ಗೂಡು ಬಿಡಲು ಹೇಳಿದಾಗ ಮೇಸ್ತ್ರಿ ಹಿಂದೆ ಮುಂದೆ ನೋಡಿದರು. "ಗೋಡೇಲಿ ತೂತು ಬಿಟ್ರೆ ನೀರು ಇಳಿಯುತ್ತೆ ಮೇಡಂ, ನಾಳೆ ಓನರ್ ನನ್ನೇ ಬಯ್ತಾರೆ." ಆಮೇಲೆ ದಾರಿ ತೋರಿಸಿದ್ದೂ ಅವರೇ: ಗೂಡಿನ ತಳದ ಬ್ಲಾಕನ್ನು ಹೊರಗೆ ಸ್ವಲ್ಪ ಇಳಿಜಾರಾಗಿ ಕೂರಿಸೋಣ, ಒಳಗಡೆ ಗಾರೆ ಗಟ್ಟಿಯಾಗಿ ತಿಕ್ಕೋಣ ಅಂದರು. ಬಾಯಿ 32 ಮಿಲಿಮೀಟರ್. ಅಷ್ಟಿದ್ದರೆ ಗುಬ್ಬಚ್ಚಿ ನುಗ್ಗುತ್ತದೆ, ಪಾರಿವಾಳ ನುಗ್ಗುವುದಿಲ್ಲ. ಪಶ್ಚಿಮದ ಬಿಸಿಲು ಬೀಳದ ಗೋಡೆ ಆರಿಸಬೇಕು. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ 5 ಮೀಟರ್‌ಗಿಂತ ಎತ್ತರದ ಹೊಸ ಕಟ್ಟಡಗಳಿಗೆ ಹಕ್ಕಿಗೂಡೂ, ಒಂಟಿ ಜೇನು ಗೂಡು ಮಾಡಲು ತೂತುಗಳಿರುವ ಜೇನು ಇಟ್ಟಿಗೆಯೂ ಇರಬೇಕು ಅಂತ 2020ರಿಂದ ಷರತ್ತು ಹಾಕುತ್ತಿದ್ದಾರೆ. ನಮ್ಮ ಊರುಗಳಲ್ಲೂ ಬರಬೇಕು ಅನ್ನುವುದು ನನ್ನ ಆಸೆ. ಆದರೆ ಗೂಡು ಮಾತ್ರ ಸಾಲದು. ಮರಿಗಳಿಗೆ ಹುಳುಹುಪ್ಪಟೆ ಬೇಕು, ಔಷಧ ಹೊಡೆದ ಲಾನಿನಲ್ಲಿ ಅವು ಎಲ್ಲಿ ಸಿಗುತ್ತವೆ ಹೇಳಿ.

ಗಾಜಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮರದ ಎದುರು ದೊಡ್ಡ ಗಾಜು ಹಾಕಿದರೆ ಅದರಲ್ಲಿ ಮರವೇ ಕಾಣುತ್ತದೆ, ಹಕ್ಕಿ ಬಂದು ಬಡಿದು ಸಾಯುತ್ತದೆ. ಮೂಲೆಗೆ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಏನೂ ಆಗುವುದಿಲ್ಲ. ಗಾಜಿನ ಹೊರಮೈಮೇಲೆ 5 ಸೆಂಟಿಮೀಟರಿಗೊಂದರಂತೆ ಚುಕ್ಕೆಯೋ ಗೆರೆಯೋ ಪೂರ್ತಿ ಇರಬೇಕು. ಈ ಮನೆಯಲ್ಲಿ ಹೊಂಗೆ ಕಡೆಯ ಕಿಟಕಿಗಳ ಹೊರಗೆ ಸಂದಿ ಬಿಟ್ಟು ಜೋಡಿಸಿದ ಜಾಲಿ ಗೋಡೆ ಕಟ್ಟಿದೆವು. ನೆರಳೂ ಆಯಿತು.

ರಾತ್ರಿಯ ಹುಳುಗಳು ಬಂದು ಮುತ್ತದಿರಲಿ ಅಂತ ಹೊರಗಿನ ದೀಪ ಕೆಳಮುಖ, ಹಳದಿ ಬೆಳಕು, ಜನ ನಡೆದಾಗ ಮಾತ್ರ ಹೊತ್ತುತ್ತದೆ. ಕಾಂಪೌಂಡ್ ಗೋಡೆ ರಸ್ತೆ ಕಡೆ ಮಾತ್ರ. ಉಳಿದ ಮೂರು ಕಡೆ ತಂತಿ ಬೇಲಿ, ಕೆಳಗೆ ಅರ್ಧ ಅಡಿ ಸಂದಿ, ಅದಕ್ಕೆ ಒತ್ತಿ ಲಕ್ಕಿ ಗಿಡ. ಮುಂಗುಸಿ, ಕಪ್ಪೆ, ಕೇರೆ ಹಾವು ಮೊದಲಿನ ಹಾಗೇ ಓಡಾಡಿಕೊಂಡಿವೆ.

ನೀರಿನ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1000 ಚದರ ಅಡಿ ತಾರಸಿ ಮೇಲೆ ಹೆಚ್ಚುಕಡಿಮೆ 90,000 ಲೀಟರ್ ಬೀಳುತ್ತದೆ. ಸಂಪ್ ತುಂಬಿ ಮಿಕ್ಕಿದ್ದು ಇಂಗುಬಾವಿಗೆ, ಅದಕ್ಕೂ ಮೊದಲು ಒಂದು ಪುಟ್ಟ ಹೊಂಡಕ್ಕೆ. ಹೊಂಡದ ಒಂದು ದಡ ಇಳಿಜಾರು ಇರಲೇಬೇಕು, ಇಲ್ಲವಾದರೆ ಬಿದ್ದ ಕಪ್ಪೆ, ಓತಿ ಮೇಲೆ ಬರಲಾಗದೆ ಸಾಯುತ್ತವೆ. ಸೊಳ್ಳೆ ಮರಿಗಳನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳೂ ನಮ್ಮ ಕೆರೆಗಳ ಸಣ್ಣ ಮೀನುಗಳೂ ತಿನ್ನುತ್ತವೆ.

20 ಗುಂಟೆ ಯಾರ ಹತ್ತಿರ ಇರುತ್ತದೆ ಅಂತ ಕೇಳುವವರು ಜಾಸ್ತಿ. 30x40 ಸೈಟಿನಲ್ಲೂ ದೀಪ ಬದಲಾಯಿಸಬಹುದು, ಗಾಜಿಗೆ ಚುಕ್ಕೆ ಹಾಕಿಸಬಹುದು, ಒಂದು ಗೋಡೆಗೆ ನಾಲ್ಕು ಗೂಡು ಬಿಡಿಸಬಹುದು. ಗೂಡಿನ ಮಾತನ್ನು ಮಾತ್ರ ಗೋಡೆ ಏಳುವ ಮುಂಚೆಯೇ ಮೇಸ್ತ್ರಿಗೆ ಹೇಳಿಬಿಡಿ. ಪ್ಲಾಸ್ಟರ್ ಆದ ಮೇಲೆ ನೆನಪಾದರೆ ಗೋಡೆ ಒಡೆಯಬೇಕಾಗುತ್ತದೆ.